ಕೊಳೆಯಬಲ್ಲ ಎಲೆ

ಮೀನಿನ ತೊಟ್ಟಿ ಕೊಳ್ಳಲು ಅಂಗಡಿಗೆ ಹೋದವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: ‘ಲೈವ್ ಪ್ಲಾಂಟ್ ಬೇಕಾ, ಪ್ಲಾಸ್ಟಿಕ್ ಸಾಕಾ?’ ಕೇಳುವವರಿಗೂ ಹೇಳುವವರಿಗೂ ಅದು ಖರ್ಚಿನ, ಆರೈಕೆಯ ಮಾತು. ಪ್ಲಾಸ್ಟಿಕ್ ಗಿಡಕ್ಕೆ ಬೆಳಕು ಬೇಡ, ಗೊಬ್ಬರ ಬೇಡ. ಪಾಚಿ ಹಿಡಿದರೆ ತಿಕ್ಕಿ ತೊಳೆದರಾಯಿತು. ಜೀವದ ಗಿಡಕ್ಕೆ ಎಲ್ಲವೂ ಬೇಕು, ಎಲ್ಲ ಕೊಟ್ಟ ಮೇಲೂ ಅದು ಸಾಯಬಹುದು. ಸಾಯಬಹುದಾದದ್ದನ್ನು ಗೊತ್ತಿದ್ದೂ ಮನೆಯೊಳಗೆ ತಂದುಕೊಳ್ಳುವುದೇಕೆ? ನನ್ನನ್ನು ಹಿಡಿದು ನಿಲ್ಲಿಸುವುದು ಈ ಪ್ರಶ್ನೆ.

ನೀರಲ್ಲಿ ಮುಳುಗಿದ ಎಲೆ ಬಿಸಿಲಿದ್ದಾಗ ಗುಳ್ಳೆ ಬಿಡುತ್ತದೆ, ಕತ್ತಲಲ್ಲಿ ಬಿಡುವುದಿಲ್ಲ ಎಂದು ಯಾನ್ ಇಂಗೆನ್‌ಹೌಸ್ 1779ರಲ್ಲೇ ತೋರಿಸಿದ್ದ. ಆ ಗುಳ್ಳೆಯಲ್ಲಿರುವುದು ಆಮ್ಲಜನಕ. ಹಾಗಿದ್ದರೆ ಗಿಡ ಜೊತೆಗಿದ್ದಾಗ ನಿಂತ ನೀರಲ್ಲೂ ಮೀನು ಬಾಳಬೇಕಲ್ಲ? ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ. ಎರಡು ಗೋಲ್ಡ್‌ಫಿಶ್, ಜೊತೆಗೆ ಉದ್ದನೆಯ ರಿಬ್ಬನ್ನಿನಂಥ ಎಲೆಗಳ ವ್ಯಾಲಿಸ್ನೇರಿಯಾ. ಆರಂಭದಲ್ಲಿ ಎಲ್ಲ ಚೆನ್ನಾಗಿತ್ತು. ಆಮೇಲೆ ಗಿಡದ ಹಳೆ ಎಲೆಗಳು ಕೊಳೆಯತೊಡಗಿದವು, ನೀರು ಕದಡಿತು, ಲೋಳೆ ಕಟ್ಟಿತು. ಕೊಟ್ಟು ಕೊಳ್ಳುವ ಲೆಕ್ಕದಲ್ಲಿ ಸಾವು ಸೇರಿರಲಿಲ್ಲ. ಆಗ ವಾರಿಂಗ್ಟನ್ ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ಮತ್ತೆ ತಿಳಿಯಾಯಿತು.

ಆ ನೀರು ತಿಳಿಯಾದದ್ದು ಕೊಳೆತದ್ದನ್ನು ಹೊರಗೆ ಎಸೆದದ್ದರಿಂದಲ್ಲ, ಅದು ಇನ್ನೊಬ್ಬರ ಊಟವಾದದ್ದರಿಂದ. ಎಲೆ ಕೊಳೆಯಬಲ್ಲದ್ದಾಗಿದ್ದಕ್ಕೇ ಬಸವನಹುಳುವಿಗೆ ಅಲ್ಲಿ ಜಾಗ ಸಿಕ್ಕಿತು. ಪ್ಲಾಸ್ಟಿಕ್ ಎಲೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಕಣ್ಣಿಗೆ ಕಾಣದ ಮಟ್ಟದಲ್ಲೂ ಇದೇ ನಡೆಯುತ್ತಿರುತ್ತದೆ. ಮೀನು ಕಿವಿರುಗಳ ಮೂಲಕ ಅಮೋನಿಯಾ ಹೊರಬಿಡುತ್ತದೆ, ಅದು ಮೀನಿಗೇ ವಿಷ. ಮರಳು, ಕಲ್ಲು, ಫಿಲ್ಟರುಗಳ ಮೇಲೆ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಪ್ಲಾಸ್ಟಿಕ್ ಎಲೆಯ ಮೇಲೂ ಆ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ, ಅಷ್ಟರ ಮಟ್ಟಿಗೆ ಅದೂ ಉಪಕಾರಿಯೇ. ಆದರೆ ಸರಪಳಿ ಅಲ್ಲಿಗೆ ನಿಲ್ಲುತ್ತದೆ. ಜೀವದ ಗಿಡ ಅಮೋನಿಯಾವನ್ನೂ ನೈಟ್ರೇಟನ್ನೂ ಹೀರಿ ಎಲೆಯಾಗಿಸುತ್ತದೆ. ಗಿಡವಿಲ್ಲದಲ್ಲಿ ಆ ನೈಟ್ರೇಟನ್ನು ನಾವು ಬಕೆಟ್ಟಿನಲ್ಲಿ ಹೊತ್ತು ಹೊರಹಾಕಬೇಕು. ಗಿಡವಿದ್ದರೂ ಚಿಕ್ಕ ತೊಟ್ಟಿಯಲ್ಲಿ ನೀರು ಬದಲಿಸುವ ಕೆಲಸ ತಪ್ಪುವುದಿಲ್ಲ. ಆದರೂ ಆ ಹೊರೆಯಲ್ಲಿ ಒಬ್ಬ ಪಾಲುದಾರ ಸಿಕ್ಕಂತಾಯಿತು.

ಹಾಗೆಂದು ಗಿಡವನ್ನು ದಾನಿಯನ್ನಾಗಿ ನೋಡುವುದೂ ಸರಿಯಲ್ಲ. ದೀಪ ಆರಿದ ಮೇಲೆ ಅದೂ ಮೀನಿನ ಹಾಗೆಯೇ ಉಸಿರಾಡುತ್ತದೆ, ಅದೇ ಆಮ್ಲಜನಕಕ್ಕೆ ಪೈಪೋಟಿಗೆ ಇಳಿಯುತ್ತದೆ. ಗಿಡ ಒತ್ತೊತ್ತಾಗಿರುವ ತೊಟ್ಟಿಯಲ್ಲಿ ಬೆಳಗಿನ ಜಾವ ಮೀನುಗಳು ನೀರಿನ ಮೇಲ್ಪದರಕ್ಕೆ ಬಂದು ಬಾಯಿ ಬಿಡುವುದುಂಟು. ಗಿಡದ ಹಂಬುಗಳಿಗೂ ನಮ್ಮ ಅಲಂಕಾರದ ಗೊಡವೆಯಿಲ್ಲ: ಹಿಂದೆ ನೆಟ್ಟ ವ್ಯಾಲಿಸ್ನೇರಿಯಾ ಮುಂದೆ ಬಂದು ಚಿಗುರುತ್ತದೆ. ಪ್ಲಾಸ್ಟಿಕ್ ಗಿಡ ನಿಲ್ಲಿಸಿದಲ್ಲಿ ನಿಲ್ಲುತ್ತದೆ. ನಮಗೆ ವಿಧೇಯತೆ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ನನಗೆ ಉತ್ತರ ಬೇಕು. ಎಲೆ ಹಳದಿಯಾದರೆ ಪೋಷಣೆ ಸಾಲದು, ಅದರ ಮೇಲೆ ಪಾಚಿ ಬೆಳೆದರೆ ಬೆಳಕು ಹೆಚ್ಚಾಗಿರಬಹುದು ಎಂದು ಅದು ಹೇಳಬೇಕು.

ಈ ಉತ್ತರಗಳಲ್ಲಿ ಬಹಳ ಜನ ತಪ್ಪಾಗಿ ಓದುವುದು ಗಿಡ ಮೊಟ್ಟಮೊದಲು ಕೊಡುವುದನ್ನೇ. ತಂದು ನೆಟ್ಟ ಕೆಲವೇ ದಿನಗಳಲ್ಲಿ ಕ್ರಿಪ್ಟೋಕೊರೈನ್‌ನಂಥ ಗಿಡದ ಎಲೆಗಳು ಕರಗಿ ಲೋಳೆಯಾಗಿ ಬೀಳುತ್ತವೆ. ಸತ್ತಿತೆಂದು ಕಿತ್ತು ಎಸೆದು, ‘ಇದೆಲ್ಲ ನಮ್ಮ ಕೈಲಿ ಆಗಲ್ಲ’ ಎಂದು ಪ್ಲಾಸ್ಟಿಕ್ ತರುತ್ತಾರೆ. ಗಿಡ ಸತ್ತಿರುವುದಿಲ್ಲ. ನರ್ಸರಿಗಳಲ್ಲಿ ಇಂಥ ಗಿಡಗಳನ್ನು ಬಹುಮಟ್ಟಿಗೆ ನೀರಿನಿಂದ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಗಾಳಿಗೆಂದು ಕಟ್ಟಿದ ದಪ್ಪ ಎಲೆ ಅಲ್ಲಿ ನಡೆಯದು. ಗಿಡ ಆ ಎಲೆಗಳನ್ನು ಬಿಟ್ಟುಕೊಟ್ಟು, ಬೇರಿನ ಬುಡದಲ್ಲಿ ಉಳಿಸಿಕೊಂಡ ಬಲದಿಂದ ತೆಳ್ಳನೆಯ ಬೇರೆ ಎಲೆಗಳನ್ನು ಹೊರಡಿಸುತ್ತದೆ. ಅದಕ್ಕೆ ವಾರಗಳು ಬೇಕು. ಆ ವಾರಗಳಲ್ಲಿ ನಾವು ಮಾಡಬೇಕಾದದ್ದು ಕೊಳೆತದ್ದನ್ನು ತೆಗೆದು, ಬೇರನ್ನು ಅಲುಗಿಸದೆ ಕಾಯುವುದು. ನೋಡಲು ಏನೂ ಇಲ್ಲದ ಬರಿಯ ಮರಳನ್ನು ನಂಬಿ ಕೂರುವುದು ಸುಲಭವಲ್ಲ. ಮನುಷ್ಯರ ವಿಷಯದಲ್ಲಿ ನಾವು ಎಷ್ಟು ಬೇಗ ಕಿತ್ತು ನೋಡುತ್ತೇವೆ ಎಂಬುದು ಆಗ ನೆನಪಾಗುತ್ತದೆ. ಹೊಸ ಊರಿಗೆ, ಹೊಸ ಶಾಲೆಗೆ ಬಂದ ಮಗು ಬಾಡಿದಾಗ ಅದಕ್ಕೆ ಇಂಥದೊಂದು ಕಾಲಾವಕಾಶ ಕೊಡುತ್ತೇವೆಯೇ?

ಪ್ಲಾಸ್ಟಿಕ್ಕೇ ಸರಿಯಾದ ಕಡೆಗಳೂ ಇವೆ, ಅದನ್ನು ಮರೆಮಾಚಬಾರದು. ಕಾಯಿಲೆ ಬಿದ್ದ ಮೀನನ್ನು ಬೇರೆಯಿಟ್ಟು ಉಪ್ಪು, ಔಷಧಿ ಹಾಕುವ ತೊಟ್ಟಿಯಲ್ಲಿ ಜೀವದ ಗಿಡ ಬಾಳದು. ಹೆದರಿದ ಮೀನಿಗೆ ಅಡಗಲು ಮರೆ ಸಿಕ್ಕರೆ ಸಾಕು, ಆ ಮರೆ ಯಾವುದರಿಂದ ಆದದ್ದೆಂದು ಮೀನು ಕೇಳುವುದಿಲ್ಲ. ಅಂಚು ಮಾತ್ರ ಚೂಪಾಗಿರಬಾರದು. ಬೆಟ್ಟಾ ಮೀನಿನ ಉದ್ದನೆಯ ರೆಕ್ಕೆಗಳು ಗಡುಸು ಪ್ಲಾಸ್ಟಿಕ್ಕಿಗೆ ಸಿಕ್ಕಿ ಹರಿಯುತ್ತವೆ, ಬಟ್ಟೆಯ ಗಿಡ ಮೇಲು. ಗೋಲ್ಡ್‌ಫಿಶ್ ಮೃದುವಾದ ಎಲೆಗಳನ್ನು ತಿಂದು ಮುಗಿಸುತ್ತದೆ. ಅಲ್ಲೂ ಕಲ್ಲಿಗೆ ಕಟ್ಟಿದ ಅನುಬಿಯಾಸ್‌ನಂಥ ಗಟ್ಟಿ ಎಲೆಯ ಗಿಡವನ್ನು ಒಮ್ಮೆ ಪ್ರಯತ್ನಿಸಿ ಎಂದೇ ನಾನು ಹೇಳುತ್ತೇನೆ. ಅದಕ್ಕೆ ಬೆಳಕೂ ಕಡಿಮೆ ಸಾಕು.

ಜೀವದ ಗಿಡವನ್ನು ಆರಿಸಿಕೊಂಡವರ ಮೇಲೆ ಇನ್ನೂ ದೊಡ್ಡದೊಂದು ಋಣವಿದೆ. ನಮ್ಮ ಗದ್ದೆಗಳಲ್ಲಿ ಕಳೆಯೆಂದು ಕೀಳುವ ರೊಟಾಲಾದ ಬಂಧುಗಳೇ ಈ ತೊಟ್ಟಿಗಳಲ್ಲಿ ಕೆಂಪಾಗಿ ಮೆರೆಯುತ್ತವೆ; ಪಶ್ಚಿಮ ಘಟ್ಟದ ತೊರೆಗಳಲ್ಲಿ ಕ್ರಿಪ್ಟೋಕೊರೈನ್, ಲ್ಯಾಗೆನಾಂಡ್ರಾಗಳಿವೆ. ಆಸೆಯಾಯಿತೆಂದು ತೊರೆಯಿಂದ ಕಿತ್ತು ತರುವಂತಿಲ್ಲ, ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಬೇಕು. ಹೆಚ್ಚಾದದ್ದನ್ನು ಕೆರೆಗೆ ಎಸೆಯುವಂತೆಯೂ ಇಲ್ಲ. ದಕ್ಷಿಣ ಅಮೆರಿಕದ ಕಬೋಂಬಾ ಇಂದು ಕೇರಳದ ಕಾಲುವೆಗಳಲ್ಲಿ ಗುಲಾಬಿ ಹೂಬಿಟ್ಟು ಹಬ್ಬಿದೆ; ನೋಡಲು ಜನ ಸೇರುತ್ತಾರೆ, ಅದರಡಿಯ ನೀರಿಗೆ ಬೆಳಕಿಲ್ಲ. ಕತ್ತರಿಸಿದ ಕುಡಿಗಳನ್ನು ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಬೇಕು, ಒಂದು ತುಂಡು ಹಸಿಯಾಗಿ ಉಳಿದು ಚರಂಡಿ ಸೇರಿದರೂ ಅದು ಮತ್ತೆ ಚಿಗುರಬಲ್ಲದು. ಒಣಗಿದ್ದನ್ನು ಹೂಕುಂಡದ ಮಣ್ಣಿಗೆ ಸೇರಿಸಬಹುದು. ತೊಟ್ಟಿಯಿಂದ ತೆಗೆದ ಹಳೆ ನೀರನ್ನೂ, ಅದಕ್ಕೆ ಉಪ್ಪು ಅಥವಾ ಔಷಧಿ ಹಾಕಿರದಿದ್ದರೆ, ಅದೇ ಕುಂಡಕ್ಕೆ ಹಾಕಬಹುದು.