ಸಾಧನೆ ಮತ್ತು ಕಿವಿ

(ಮೈಸೂರಿನ ಒಂದು ಹಳೆಯ ಮನೆಯ ನಡುಮನೆ. ಪಿಟೀಲು ಕಲಿಸುವ ಮೇಷ್ಟ್ರು, ಈಚೆಗೆ ಕಚೇರಿ ಕೊಡಲು ಶುರುಮಾಡಿರುವ ಶಿಷ್ಯೆ.)

ಶಿಷ್ಯೆ: ದಿನಾ ಐದು ಗಂಟೆ ಸಾಧನೆ ಮಾಡ್ತಿದ್ದೀನಿ ಮೇಷ್ಟ್ರೇ. ಆದ್ರೂ ಭಾನುವಾರದ ಕಚೇರೀಲಿ ಭೈರವಿ ರಾಗದ ವರ್ಣ ತಡವರಿಸಿತು.

ಮೇಷ್ಟ್ರು: ಎಲ್ಲಿ?

ಶಿಷ್ಯೆ: ಚರಣ ಆದಮೇಲೆ ಬರೋ ಮೂರನೇ ಎತ್ತುಗಡೆ ಸ್ವರದಲ್ಲಿ. ಯಾವಾಗಲೂ ಅಲ್ಲೇ.

ಮೇಷ್ಟ್ರು: ಮನೇಲಿ ಅಲ್ಲಿ ತಪ್ಪಿದಾಗ ಏನು ಮಾಡ್ತೀಯ?

ಶಿಷ್ಯೆ: ಮತ್ತೆ ಪಲ್ಲವಿಯಿಂದ ಹಿಡೀತೀನಿ.

ಮೇಷ್ಟ್ರು: ಅಂದರೆ ಹೊತ್ತೆಲ್ಲ ಬರುವ ಪಲ್ಲವಿಗೆ, ಬಾರದ ಸ್ವರದಲ್ಲಿ ಪ್ರತಿ ಸಲವೂ ಅದೇ ತಪ್ಪು. ಆ ಐದು ಗಂಟೆಯಲ್ಲಿ ನೀನು ಗಟ್ಟಿಮಾಡಿಕೊಂಡದ್ದು ತಪ್ಪನ್ನೇ ಕಣಮ್ಮ.

ಶಿಷ್ಯೆ: ಹತ್ತು ಸಾವಿರ ಗಂಟೆ ಆದರೆ ತಾನಾಗೇ ಬರುತ್ತೆ ಅಂತಾರಲ್ಲ?

ಮೇಷ್ಟ್ರು: ಆ ಲೆಕ್ಕದ ಮೂಲ ಪಿಟೀಲಿನವರೇ. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಯವರು ಬರ್ಲಿನ್ನಿನ ಸಂಗೀತ ವಿದ್ಯಾಲಯದ ವಿದ್ಯಾರ್ಥಿಗಳನ್ನು ವಿಚಾರಿಸಿ 1993ರಲ್ಲಿ ಬರೆದರು. ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಅತ್ಯುತ್ತಮರ ಸಾಧನೆ ಸರಾಸರಿ 10,000 ಗಂಟೆ ದಾಟಿತ್ತು. ಅದು ಬರೀ ಸರಾಸರಿ. ಅಲ್ಲಿಗೆ ಮುಟ್ಟಿದ ಕೂಡಲೇ ವಿದ್ಯೆ ಕೈಸೇರುತ್ತೆ ಅಂತ ಅವರು ಹೇಳಲಿಲ್ಲ. ಅವರು ಒತ್ತಿ ಹೇಳಿದ್ದು ಬೇರೆ: ಕೊರತೆ ಇರುವ ಜಾಗವನ್ನೇ ಹುಡುಕಿ, ಪೂರ್ತಿ ಗಮನ ಕೊಟ್ಟು ತಿದ್ದಿಕೊಳ್ಳೋದು. ಅಂಥ ಗಮನ ಬಹಳ ಹೊತ್ತು ನಿಲ್ಲಲ್ಲ. ಅದಕ್ಕೇ ಆ ಹುಡುಗರು ಸ್ವಲ್ಪಸ್ವಲ್ಪ ಹೊತ್ತು ನುಡಿಸಿ ನಿಲ್ಲಿಸ್ತಿದ್ದರು, ಮಧ್ಯಾಹ್ನ ಮಲಗ್ತಿದ್ದರು. ನಮ್ಮಲ್ಲಿ ಮಲಗಿದರೆ ಸೋಮಾರಿ ಅಂತೀವಿ. ಅದು ಅನ್ಯಾಯ.

ಶಿಷ್ಯೆ: ನಮ್ಮ ಪಿಟೀಲು ಚೌಡಯ್ಯನವರೂ ಹೀಗೇ ಕೊರತೆ ಹುಡುಕಿ ತಿದ್ದಿಕೊಂಡವರೇನಾ? ಅವರು ತಮ್ಮ ಪಿಟೀಲಿಗೆ ಏಳು ತಂತಿ ಹಾಕಿದ್ದು ಯಾಕೆ?

ಮೇಷ್ಟ್ರು: ಮೈಕ್ ಇಲ್ಲದ ಕಾಲ. ಪಿಟೀಲಿನ ನಾದ ಹಿಂದೆ ಕೂತವರಿಗೆ ಮುಟ್ಟುತ್ತಿರಲಿಲ್ಲ. ಮೂರು ತಂತಿ ಜೋಡಿಸಿ ನಾದ ಹೆಚ್ಚಿಸಿದರು. ಕೊನೇ ಸಾಲಿನವನ ಕಿವಿಯಿಂದ ತಮ್ಮ ವಾದ್ಯ ಕೇಳಿಸಿಕೊಂಡರು ಅಂತಲೇ ನನ್ನ ಭಾವನೆ... ಇರಲಿ, ಅದು ಬೇರೆ ಮಾತು.

ಶಿಷ್ಯೆ: ಹಾಗಾದರೆ ನಾನು ತಪ್ಪೋ ಆ ಸ್ವರವನ್ನೇ ಐವತ್ತು ಸಲ ನುಡಿಸಲಾ?

ಮೇಷ್ಟ್ರು: ಬೇಡ. ಹತ್ತನೇ ಸಲಕ್ಕೆ ಬಂದುಬಿಟ್ಟಿತು ಅನ್ನಿಸುತ್ತೆ, ಮರುದಿನ ಇರಲ್ಲ. ನಾಲ್ಕು ಸಲ ನುಡಿಸು, ಬಿಡು, ಬೇರೆ ಕೃತಿ ಹಿಡಿ, ಅರ್ಧ ಗಂಟೆ ಬಿಟ್ಟು ಮತ್ತೆ ಬಾ. ಮರೆತದ್ದನ್ನು ಕಷ್ಟಪಟ್ಟು ನೆನೆಸಿಕೊಳ್ತೀಯಲ್ಲ, ಗಟ್ಟಿಯಾಗೋದು ಆಗಲೇ.

ಶಿಷ್ಯೆ: ಹೀಗೆ ತಪ್ಪು ಹುಡುಕೋ ಕಿವಿ ಕಚೇರೀಲೂ ಸುಮ್ಮನಿರಲ್ಲ ಮೇಷ್ಟ್ರೇ. ಭಾನುವಾರ ಆ ಜಾಗ ಬರೋ ಮೊದಲೇ ಹೆದರಿಕೆ ಶುರುವಾಯ್ತು.

ಮೇಷ್ಟ್ರು: ನೀನು ಹೆದರಿ ಬೆರಳಿನ ಮೇಲೆ ಗಮನ ಇಟ್ಟೆ. ತಾನಾಗಿ ಓಡುವ ಬೆರಳಿಗೆ ದಾರಿ ಹೇಳಹೊರಟರೆ ಅದು ಎಡವುತ್ತೆ. ವೇದಿಕೆ ಮೇಲೆ ಕಿವಿ ರಾಗಕ್ಕೆ ಸೇರಿದ್ದು, ಬೆರಳಿಗಲ್ಲ.

ಶಿಷ್ಯೆ: ಒಂದೇ ಕಿವಿ ಮನೇಲಿ ಒಂದು ಥರ, ಅಲ್ಲಿ ಒಂದು ಥರ ಇರೋದು ಹೇಗೆ?

ಮೇಷ್ಟ್ರು: ಅದನ್ನೂ ಸಾಧನೆ ಮಾಡಬೇಕು. ವಾರಕ್ಕೊಂದು ದಿನ ಮನೆಯವರನ್ನು ಕೂರಿಸಿಕೊಂಡು, ತಪ್ಪಿದರೂ ನಿಲ್ಲಿಸದೆ ನುಡಿಸು. ಪೂರ್ತಿ ಉತ್ತರ ನನಗೂ ಸಿಕ್ಕಿಲ್ಲ. ನಲವತ್ತು ವರ್ಷದಿಂದ ಹುಡುಕ್ತಿದ್ದೀನಿ.

ಶಿಷ್ಯೆ: ಈಗ ಪಲ್ಲವಿಯಿಂದ ಹಿಡೀಲಾ?

ಮೇಷ್ಟ್ರು: ಬೇಡ. ಮೂರನೇ ಎತ್ತುಗಡೆ ಸ್ವರ. ನಿಧಾನವಾಗಿ.