ಕೊಪಣದ ನೆಲದಲ್ಲಿ ಚಾಟ್ನಿ ಕತ್ತರಿ

ಗಂಗಾವತಿ ಭತ್ತದ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ನೆಲ. ಕುಷ್ಟಗಿಯ ಕಡೆ ಹೊರಟರೆ ಮಣ್ಣು ಒಣಗುತ್ತದೆ, ಕೊಳವೆಬಾವಿ ನಂಬಿದ ದಾಳಿಂಬೆ, ದ್ರಾಕ್ಷಿ ತೋಟಗಳು ಶುರುವಾಗುತ್ತವೆ. ಅಲ್ಲಿ ಒಂದೆರಡು ವರ್ಷ ಕೈಬಿಟ್ಟ ದ್ರಾಕ್ಷಿ ಬಳ್ಳಿಯನ್ನು ಉಳಿಸಿಕೊಳ್ಳಲು ಮೊದಲು ಬೇಕಾಗುವುದು ಗೊಬ್ಬರವಲ್ಲ, ಕತ್ತರಿ; ಅಂದರೆ ಚಾಟ್ನಿ, ಕಡ್ಡಿ ಸವರುವ ಕೆಲಸ.

ಬಳ್ಳಿಗೆ ಇದು ಹಿಂಸೆಯೇ?

ಈ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಈ ಎರಡೂ ಊರುಗಳ ಜಿಲ್ಲಾ ಕೇಂದ್ರ ಕೊಪ್ಪಳ ಒಂದು ಕಾಲಕ್ಕೆ ಕೊಪಣ, ಜೈನರ ಮಹಾತೀರ್ಥ. ಅಲ್ಲಿನ ಪಾಲ್ಕಿಗುಂಡಿನ ಬೆಟ್ಟದಲ್ಲಿ ಜಟಾಸಿಂಹನಂದಿ ಮುನಿಯ ಪಾದಗಳ ಕೆತ್ತನೆಯಿದೆ. ಜೈನ ಶಾಸ್ತ್ರದಲ್ಲಿ ಗಿಡಬಳ್ಳಿ ಏಕೇಂದ್ರಿಯ ಜೀವ: ಕಣ್ಣು ಕಿವಿಯಿಲ್ಲ, ಸ್ಪರ್ಶವುಂಟು. ಮುನಿಯಾದವನು ಹಸಿರೆಲೆಯನ್ನೂ ಚಿವುಟುವಂತಿಲ್ಲ. ಗೃಹಸ್ಥನಿಗೆ ಸಡಿಲಿಕೆಯಿದೆ: ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆ ಬೇರೆ, ಬೇಸಾಯದಂಥ ದುಡಿಮೆಯಲ್ಲಿ ತಪ್ಪಿಸಲಾಗದ ಉದ್ಯೋಗಿ ಹಿಂಸೆ ಬೇರೆ. ಜಾಣ ವಿಂಗಡಣೆಯೇನೋ ಸರಿ. ಆದರೆ ಅದು ರೈತನ ಲೆಕ್ಕ.

ಬಳ್ಳಿಯ ಲೆಕ್ಕವೇ ಬೇರೆ. ಗೊಂಚಲು ಬಿಡುವುದು ಹೊಸ ಚಿಗುರಿನಲ್ಲಿ. ಆ ಚಿಗುರು ಹೊರಡುವ ಕಣ್ಣಿಗೆ ಹಿಂದಿನ ಹಂಗಾಮಿನಲ್ಲಿ ಬಿಸಿಲು ತಾಗಿರಬೇಕು. ಕತ್ತರಿ ಕಾಣದ ಬಳ್ಳಿ ತನ್ನದೇ ನೆರಳಲ್ಲಿ ಬರಡಾಗುತ್ತದೆ, ಬೂದಿರೋಗಕ್ಕೆ ಮನೆಯಾಗುತ್ತದೆ. ಅದಕ್ಕೇ ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು ಚಾಟ್ನಿ.

ಹಾಗೆಂದು ಕತ್ತರಿಗೆ ಪೂರ್ತಿ ಮಾಫಿ ಕೊಡುವುದು ಅವಸರ. ಕಾಡಿನಲ್ಲಿ ಮರ ಹತ್ತುವ ಬಳ್ಳಿಗೆ ಯಾರ ಚಾಟ್ನಿಯೂ ಬೇಕಿಲ್ಲ. ಗೊಂಚಲು ಬೇಕಾದದ್ದು ನಮಗೆ. ಕಡಿದ ಕಡ್ಡಿಯ ತುದಿಯಿಂದ ಕೆಲವೊಮ್ಮೆ ನೀರು ತೊಟ್ಟಿಕ್ಕುತ್ತದೆ. ಬೇರಿನ ಒತ್ತಡ, ಅಷ್ಟೇ ಎನ್ನುತ್ತದೆ ಸಸ್ಯಶಾಸ್ತ್ರ. ಕೊಪಣದ ಮುನಿಗಳಿಗೆ ಅಷ್ಟಕ್ಕೇ ಸಮಾಧಾನವಾಗುತ್ತಿತ್ತೋ ಇಲ್ಲವೋ.