ಬಾಯಾರಿದ ಬಾಲಕನ ಚಿತ್ರ



*ಇಂದಿನ ಪ್ರಶ್ನೆ:* ಬಾಬಾಸಾಹೇಬರು ಬಾಲ್ಯದಲ್ಲಿ ಉಂಡ ಅವಮಾನವನ್ನು ಚಿತ್ರಗಳಲ್ಲಿ ನಮ್ಮ ಚಿಕ್ಕ ಮಕ್ಕಳಿಗೆ ತೋರಿಸಬೇಕೇ, ಬೇಡವೇ?

ಬೆಳಗಾವಿಯಲ್ಲಾಗಲಿ ಖಾನಾಪುರದಲ್ಲಾಗಲಿ, ನಮ್ಮ ಮನೆಗಳ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ ಇರುತ್ತದೆ. ನೀಲಿ ಕೋಟು, ಕನ್ನಡಕ, ಕೈಯಲ್ಲಿ ಸಂವಿಧಾನ. ಅದು ಗೆದ್ದ ಮನುಷ್ಯನ ಚಿತ್ರ. ಮಕ್ಕಳು ಅದಕ್ಕೆ ಕೈ ಮುಗಿಯುತ್ತಾರೆ. ಆದರೆ ಮೂರನೇ ತರಗತಿಯ ಮಗು ಆ ಚಿತ್ರದಲ್ಲಿ ತನ್ನನ್ನು ಕಾಣಲಾರದು. ಬರೀ ಕೈ ಮುಗಿಯುವುದು ಬೆಳೆದರೆ ಅದು ಭಕ್ತಿಯಾಗುತ್ತದೆ. ರಾಜಕೀಯದಲ್ಲಿ ಭಕ್ತಿ ಅಪಾಯಕಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರು ಸ್ವತಃ ಬಾಬಾಸಾಹೇಬರೇ.

ಇನ್ನೊಂದು ಚಿತ್ರವೂ ನಮಗೆ ಬೇಕು. ಖಾನಾಪುರ, ಬೆಳಗಾವಿ, ಮೀರಜ್ ಮೂಲಕ ಪುಣೆಗೆ ಹೋಗುವ ರೈಲು ಮಾರ್ಗದಲ್ಲಿ, ಕರಾಡ್ ದಾಟಿದ ಮೇಲೆ ಮಸೂರ್ ಎಂಬ ಸಣ್ಣ ಸ್ಟೇಷನ್ ಬರುತ್ತದೆ. 1901ರ ಸುಮಾರಿಗೆ ಬಾಲಕ ಭೀಮ ತನ್ನ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಹೊಸ ಬಟ್ಟೆ ತೊಟ್ಟು, ತಂದೆಯನ್ನು ನೋಡುವ ಖುಷಿಯಲ್ಲಿ ಅಲ್ಲಿ ಇಳಿದ. ಜಾತಿ ತಿಳಿದ ಕೂಡಲೇ ಸ್ಟೇಷನ್ ಮಾಸ್ತರರ ಮುಖ ಬದಲಾಯಿತು. ಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಆದರೆ ಗಾಡಿ ಹೊಡೆಯಬೇಕಾದವರು ಮಕ್ಕಳೇ. ಬುತ್ತಿ ಇತ್ತು, ಕುಡಿಯಲು ನೀರು ಸಿಗಲಿಲ್ಲ. ಆ ರಾತ್ರಿ ಅವರು ಹಸಿದು ಮಲಗಿದರು. ಬಾಬಾಸಾಹೇಬರು ಇದನ್ನು ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ ಬರಹದಲ್ಲಿ ದಾಖಲಿಸಿದ್ದಾರೆ.

ಈ ಘಟನೆಯನ್ನು 2011ರಲ್ಲಿ ‘ಭೀಮಾಯಣ’ ಎಂಬ ಚಿತ್ರಕಥೆಯಲ್ಲಿ ಚಿತ್ರಿಸಿದವರು ಮಧ್ಯಪ್ರದೇಶದ ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಮಾಮೂಲಿ ಕಾಮಿಕ್ಸ್‌ನಂತೆ ಅವರು ಮನುಷ್ಯರನ್ನು ಚೌಕಗಳಲ್ಲಿ ಕೂಡಿಹಾಕಲಿಲ್ಲ. ಪುಟದ ತುಂಬ ಬಯಲು ಬಿಟ್ಟರು. ಅದರಲ್ಲಿ ಮೃದುವಾದ ಮಾತುಗಳು ಹಕ್ಕಿಯ ಆಕಾರದಲ್ಲಿವೆ. ಜಾತಿಯ ವಿಷ ತುಂಬಿದ ಮಾತುಗಳಿಗೆ ಚೇಳಿನ ಕೊಂಡಿ ಇದೆ. ಸಮ್ಮಾವಾಚಾ, ಅಂದರೆ ಸಮ್ಯಕ್ ವಾಣಿ ಎಂದರೇನು ಎಂದು ಮಗು ಕೇಳಿದರೆ ಈ ಪುಸ್ತಕದ ಒಂದು ಪುಟ ತೋರಿಸಿದರೆ ಸಾಕು. ಯಾವ ಮಾತು ಹಾರುತ್ತದೆ, ಯಾವ ಮಾತು ಕುಟುಕುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಆದರೂ ಕೆಲವು ತಾಯಂದಿರ ಅಳುಕು ನಿಜವಾದದ್ದು. ಇಂಥದ್ದನ್ನು ನೋಡಿದ ಮಗುವಿಗೆ ಕೀಳರಿಮೆ ಬಂದರೆ? ದ್ವೇಷ ಹುಟ್ಟಿದರೆ?

ಮೊದಲು ಕೀಳರಿಮೆಯ ಮಾತು. ನಾವು ಮುಚ್ಚಿಟ್ಟರೂ ಜಾತಿಯ ಮಾತು ಮಗುವಿನ ಕಿವಿಗೆ ಶಾಲೆಯಲ್ಲೋ ಬೀದಿಯಲ್ಲೋ ಒಂದು ದಿನ ಬಿದ್ದೇ ಬೀಳುತ್ತದೆ. ಆಗ ಅದು ಒಂಟಿಯಾಗಿರುತ್ತದೆ, ತಪ್ಪು ತನ್ನದೇ ಎಂದುಕೊಳ್ಳುತ್ತದೆ. ಚಿತ್ರ ಮೊದಲೇ ನೋಡಿದ್ದರೆ, ನಾಚಬೇಕಾದವರು ನೀರು ಕೇಳಿದವರಲ್ಲ, ನೀರು ಕೊಡದವರು ಎಂಬುದು ಅದಕ್ಕೆ ಗೊತ್ತಿರುತ್ತದೆ.

ಇನ್ನು ದ್ವೇಷದ ಮಾತು. ಪತ್ತೇದಾರಿ ಚಿತ್ರಕಥೆ ಕೊನೆಯ ಪುಟದಲ್ಲಿ ಒಬ್ಬ ಅಪರಾಧಿಯನ್ನು ಹಿಡಿದು ಕೊಡುತ್ತದೆ. ಮಸೂರಿನ ಕಥೆಯಲ್ಲಿ ಹಾಗೆ ಹುಡುಕಿ ನೋಡಿ. ಸ್ಟೇಷನ್ ಮಾಸ್ತರರೇ? ಗಾಡಿಯವನೇ? ದಾರಿಯ ಸುಂಕದವನೇ? ಪ್ರತಿಯೊಬ್ಬರೂ ಮಾಡಿದ್ದು ತಪ್ಪು. ಆದರೆ ಒಬ್ಬರನ್ನು ಶಿಕ್ಷಿಸಿದರೆ ಕಥೆ ಮುಗಿಯುವುದಿಲ್ಲ. ಅವರೆಲ್ಲರ ಹಿಂದೆ ಒಂದು ವ್ಯವಸ್ಥೆ ಇದೆ. ಇದು ಇದ್ದರೆ ಅದು ಹುಟ್ಟುತ್ತದೆ, ಇದು ಅಳಿದರೆ ಅದೂ ಅಳಿಯುತ್ತದೆ ಎನ್ನುವ ಪಟಿಚ್ಚಸಮುಪ್ಪಾದದ ಪಾಠ ಇದೇ. ಕಾರಣ ಹುಡುಕಲು ಕಲಿತ ಮಗು ವ್ಯಕ್ತಿಯನ್ನು ದ್ವೇಷಿಸುತ್ತಾ ಕೂರುವುದಿಲ್ಲ, ಕಾರಣವನ್ನು ಕೀಳಲು ಹೊರಡುತ್ತದೆ. ದುಃಖವಿದೆ ಎಂದು ಗುರುತಿಸುವುದು ಮತ್ತು ಅದನ್ನು ನಿವಾರಿಸುವುದು, ಇವೆರಡೇ ಧಮ್ಮದ ತಳಹದಿ ಎಂದು ‘ಬುದ್ಧ ಮತ್ತು ಅವನ ಧಮ್ಮ’ ಹೇಳುತ್ತದೆ. ಗುರುತಿಸದೇ ನಿವಾರಿಸುವುದು ಹೇಗೆ?

ಚಿತ್ರದ ಮೂಲಕ ಕಲಿಸುವುದು ನಮಗೆ ಹೊಸದೇನಲ್ಲ. ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ದಡದ ಕನಗನಹಳ್ಳಿ ಸ್ತೂಪದ ಕಲ್ಲುಗಳ ಮೇಲೆ ಜಾತಕ ಕಥೆಗಳಿವೆ, ಜೊತೆಗೆ ಬ್ರಾಹ್ಮಿ ಲಿಪಿಯ ಹೆಸರುಗಳೂ ಇವೆ. ಅಲ್ಲಿ ಅಶೋಕನ ಉಬ್ಬುಚಿತ್ರದ ಜೊತೆ ‘ರಾಯ ಅಸೋಕೊ’ ಎಂದು ಕೆತ್ತಲಾಗಿದೆ. ಓದು ಬಾರದವರಿಗೆ ಚಿತ್ರ, ಓದು ಬಲ್ಲವರಿಗೆ ಅಕ್ಷರ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ನೆಲದಲ್ಲೇ ಧಮ್ಮ ಹೀಗೆ ಜನರನ್ನು ತಲುಪಿತು.

ಆದ್ದರಿಂದ ನಮ್ಮ ಉತ್ತರ: ತೋರಿಸಬೇಕು. ಆದರೆ ಮಗುವಿನ ಕೈಗೆ ಪುಸ್ತಕ ಕೊಟ್ಟು ಎದ್ದು ಹೋಗಬಾರದು. ಪಕ್ಕದಲ್ಲಿ ಕುಳಿತು ಒಟ್ಟಿಗೆ ನೋಡಬೇಕು. ಅದು ಕೇಳುವ ಪ್ರಶ್ನೆಗೆ ನಿಜವನ್ನೇ ಹೇಳಬೇಕು.

*ಇಂದಿನ ಅಭ್ಯಾಸ:* ಈ ಭಾನುವಾರ ಬುದ್ಧ ವಂದನೆಯ ನಂತರ ಮಕ್ಕಳಿಗೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಡಿ. ದೇವರನ್ನೂ ಬೇಡ, ನಾಯಕರನ್ನೂ ಬೇಡ, ತಮ್ಮ ಓಣಿಯನ್ನೇ ಬರೆಯಲಿ. ಬೆಳಗಾವಿಯವರು ತಮ್ಮ ಗಲ್ಲಿಯನ್ನು, ಖಾನಾಪುರದವರು ಮಲಪ್ರಭೆಯ ದಡವನ್ನು. ಬರೆದ ಮೇಲೆ ಮೂರು ಪ್ರಶ್ನೆ ಕೇಳಿ. ಇಲ್ಲಿ ನೀರು ಎಲ್ಲಿಂದ ಬರುತ್ತದೆ? ಯಾರು ಕುಳಿತಿದ್ದಾರೆ, ಯಾರು ನಿಂತಿದ್ದಾರೆ? ಗಲ್ಲಿ ಗುಡಿಸುವ ಅಕ್ಕನನ್ನು ಬರೆದೆಯಾ, ಬಿಟ್ಟೆಯಾ?

ಬಿಟ್ಟಿದ್ದರೆ ಬೈಯಬೇಡಿ. ನಾಳೆ ಬೆಳಿಗ್ಗೆ ಆಕೆ ಬಂದಾಗ ಹೆಸರು ಕೇಳಿ ಬರಲು ಹೇಳಿ. ನಂತರ ಆ ಹೆಸರಿನ ಜೊತೆ ಆಕೆಯನ್ನೂ ಹಾಳೆಯಲ್ಲಿ ಸೇರಿಸಲಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.